ಸೆಲ್‌ನಲ್ಲಿ ಕಾಣೋದು ಒಂದು, ಒಳಗಿರೋದು ಇನ್ನೊಂದು: ಸ್ಪ್ರೆಡ್‌ಶೀಟ್ ಹೊಸದಾಗಿ ಕಲಿಯುವವರಿಗೆ

10ಕ್ಕೆ 10 ಕೂಡಿಸಿದರೆ ಎಷ್ಟು? ಎಕ್ಸೆಲ್ ಕೆಲವೊಮ್ಮೆ 21 ಅನ್ನುತ್ತದೆ. ಅದರ ಲೆಕ್ಕವೇನೂ ತಪ್ಪಿಲ್ಲ. ಎರಡೂ ಸೆಲ್‌ಗಳಲ್ಲಿ, ಅಂದರೆ ಅಂಕಿ ಬರೆಯುವ ಚೌಕಗಳಲ್ಲಿ, ನಿಜವಾಗಿ ಇರುವುದು 10.4. ದಶಮಾಂಶ ತೋರಿಸಬೇಡ ಅಂತ ಯಾರೋ ಹೇಳಿಟ್ಟಿದ್ದಾರೆ, ಅದಕ್ಕೇ ಪರದೆ ಮೇಲೆ ಬರೀ 10 ಕಾಣುತ್ತದೆ. ಕೂಡಿಸಿದರೆ 20.8. ಅದನ್ನೂ ದಶಮಾಂಶ ಬಿಟ್ಟು ತೋರಿಸಿದಾಗ 21 ಆಗುತ್ತದೆ.

ಸ್ಪ್ರೆಡ್‌ಶೀಟ್, ಅಂದರೆ ಎಕ್ಸೆಲ್ ಥರದ ಲೆಕ್ಕದ ಹಾಳೆ, ಕಲಿಯಲು ಕೂತವರನ್ನು ಕಾಡುವ ಗೊಂದಲಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಒಂದು ಸೆಲ್‌ಗೆ ಎರಡು ಪದರ. ಒಳಗೆ ಇಟ್ಟಿರುವುದು ಒಂದು, ಹೊರಗೆ ತೋರಿಸುವುದು ಇನ್ನೊಂದು. ಕ್ಲಾಸುಗಳಲ್ಲಿ ಮೊದಲ ದಿನವೇ ಬಣ್ಣ ಹಚ್ಚುವುದು, ಬಾರ್ಡರ್ ಹಾಕುವುದು, ಸೆಲ್ ಮರ್ಜ್ ಮಾಡುವುದು ಕಲಿಸುತ್ತಾರೆ. ಅವೆಲ್ಲ ಹೊರಗಿನ ಪದರದ ಕೆಲಸ. ಒಳಗಿನದು ಗೊತ್ತಾಗದೆ ಹೊರಗಿನದನ್ನು ಎಷ್ಟು ಕಲಿತರೂ, ಟೋಟಲ್ ಯಾಕೆ ಸೊನ್ನೆ ಬಂತು, ತಾರೀಖು ಯಾಕೆ ಉಲ್ಟಾ ಆಯ್ತು ಅಂತ ತಲೆ ಕೆರೆದುಕೊಳ್ಳುವುದು ತಪ್ಪುವುದಿಲ್ಲ.

ಒಳಗಿನದನ್ನು ನೋಡುವ ಕಿಟಕಿ ಪರದೆಯ ಮೇಲ್ಗಡೆಯೇ ಇದೆ. ಕಾಲಂಗಳ ಅಕ್ಷರಗಳ ಮೇಲೆ ಉದ್ದಕ್ಕೆ ಒಂದು ಬಿಳಿ ಪಟ್ಟಿ ಇರುತ್ತದಲ್ಲ, ಅದೇ ಫಾರ್ಮುಲಾ ಬಾರ್. ಯಾವುದೇ ಸೆಲ್ ಮೇಲೆ ಕ್ಲಿಕ್ ಮಾಡಿ ಆ ಪಟ್ಟಿಯತ್ತ ಕಣ್ಣು ಹಾಯಿಸಿ. ಸೆಲ್‌ನಲ್ಲಿ 10 ಕಂಡರೂ ಅಲ್ಲಿ 10.4 ಅಂತಲೇ ಇರುತ್ತದೆ.

ಕಲಿಯಲು ದುಡ್ಡೇನೂ ಬೇಡ. ಜಿಮೇಲ್ ಇದ್ದರೆ ಗೂಗಲ್ ಶೀಟ್ಸ್ ಪುಕ್ಕಟೆ. ಕಂಪ್ಯೂಟರ್‌ನಲ್ಲೇ ಹಾಕಿಕೊಳ್ಳಬೇಕು ಅಂದರೆ ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಇದೆ, ಅದೂ ಪುಕ್ಕಟೆ. ಆಫೀಸುಗಳಲ್ಲಿ ಎಕ್ಸೆಲ್ಲೇ ಜಾಸ್ತಿ. ಇಲ್ಲಿ ಹೇಳುವುದು ಹೆಚ್ಚುಕಮ್ಮಿ ಮೂರಕ್ಕೂ ಹೊಂದುತ್ತದೆ. ಆದರೆ ಮೊಬೈಲ್‌ನಲ್ಲಿ ಕಲಿಯಲು ಹೋಗಬೇಡಿ. ಮೊಬೈಲ್ ಇರುವುದು ಆಮೇಲೆ ನೋಡಿಕೊಳ್ಳುವುದಕ್ಕೆ.

ಕರಿಹಲಗೆ ಒರೆಸುವ ಕಷ್ಟದಿಂದ ಹುಟ್ಟಿದ್ದು

1978ರಲ್ಲಿ ಡ್ಯಾನ್ ಬ್ರಿಕ್ಲಿನ್ ಅನ್ನುವವರು ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಓದುತ್ತಿದ್ದರು. ಮೇಷ್ಟ್ರು ಹಲಗೆ ತುಂಬ ಲೆಕ್ಕದ ಪಟ್ಟಿ ಬರೆಯುವುದು, ಒಂದು ಅಂಕಿ ಬದಲಾದರೆ ಅದನ್ನು ನೆಚ್ಚಿಕೊಂಡ ಅಂಕಿಗಳನ್ನೆಲ್ಲ ಒಂದೊಂದಾಗಿ ಒರೆಸಿ ಮತ್ತೆ ಬರೆಯುವುದು. ಇದನ್ನು ನೋಡಿದ ಬ್ರಿಕ್ಲಿನ್‌ಗೆ, ಒಂದನ್ನು ಬದಲಿಸಿದರೆ ಉಳಿದವು ತಾವಾಗಿಯೇ ಬದಲಾಗಬೇಕು ಅನ್ನುವ ಯೋಚನೆ ಬಂತು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಆ ಯೋಚನೆಯನ್ನು ಪ್ರೋಗ್ರಾಂ ಮಾಡಿದರು. 1979ರಲ್ಲಿ ಆಪಲ್ 2 ಕಂಪ್ಯೂಟರ್‌ಗೆ ಬಂದ ಆ ಪ್ರೋಗ್ರಾಂ ಹೆಸರು ವಿಸಿಕ್ಯಾಲ್ಕ್. ಅದರಲ್ಲಿ ಇದ್ದದ್ದು 254 ಸಾಲು, 63 ಕಾಲಂ ಅಷ್ಟೆ. 1983ರಲ್ಲಿ ಲೋಟಸ್ 1-2-3 ಅನ್ನುವ ಇನ್ನೊಂದು ಸ್ಪ್ರೆಡ್‌ಶೀಟ್ ಬಂತು. ಎಕ್ಸೆಲ್ 1985ರಲ್ಲಿ ಮೊದಲು ಬಂದದ್ದು ಮ್ಯಾಕಿಂಟಾಷ್‌ಗೆ, ವಿಂಡೋಸ್‌ಗೆ ಅಲ್ಲ.

ಇಷ್ಟು ಚರಿತ್ರೆ ಯಾಕೆ ಹೇಳಿದೆ ಅಂದರೆ, ಇದು ಪಟ್ಟಿ ಬರೆಯಲು ಹುಟ್ಟಿದ ಸಾಧನ ಅಲ್ಲ. ಒಂದು ಅಂಕಿಗೂ ಇನ್ನೊಂದು ಅಂಕಿಗೂ ಏನು ಸಂಬಂಧ ಅಂತ ಬರೆದಿಡುವ ಸಾಧನ. ಎಷ್ಟೋ ಜನ ವರ್ಷಗಟ್ಟಲೆ ಎಕ್ಸೆಲ್ ಬಳಸಿದರೂ, ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂಡಿಸಿ, ಬಂದ ಮೊತ್ತವನ್ನು ಸೆಲ್‌ನಲ್ಲಿ ಟೈಪ್ ಮಾಡುತ್ತಾರೆ. ಅಷ್ಟಕ್ಕೆ ನೋಟ್‌ಬುಕ್ಕೇ ಸಾಕಲ್ವಾ?

ಮದುವೆ ಊಟದ ಲೆಕ್ಕ

ಅಡ್ಡಕ್ಕೆ ಇರುವವು ಸಾಲುಗಳು, ಅವಕ್ಕೆ 1, 2, 3 ಅಂತ ನಂಬರ್. ಉದ್ದಕ್ಕೆ ಇರುವವು ಕಾಲಂಗಳು, ಅವಕ್ಕೆ ಎ, ಬಿ, ಸಿ ಅಂತ ಇಂಗ್ಲಿಷ್ ಅಕ್ಷರ. ಕಾಲಂ ಬಿ, ಸಾಲು 4 ಸೇರುವ ಜಾಗದ ಹೆಸರು ಬಿ4. ಓದಲು ಸುಲಭ ಆಗಲಿ ಅಂತ ನಾನಿಲ್ಲಿ ಸೂತ್ರಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಶೀಟ್‌ನಲ್ಲಿ ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು.

ಮನೆಯಲ್ಲಿ ಮದುವೆ ಇದೆ, ಅಡುಗೆಗೆ ದಿನಸಿ ಪಟ್ಟಿ ಆಗಬೇಕು ಅಂತಿಟ್ಟುಕೊಳ್ಳಿ. ಎ1ರಲ್ಲಿ "ಊಟಕ್ಕೆ ಜನ" ಅಂತ ಬರೆಯಿರಿ, ಬಿ1ರಲ್ಲಿ 800. ಮೂರನೇ ಸಾಲಿನಲ್ಲಿ ತಲೆಬರಹ, ನಾಲ್ಕರಿಂದ ಸಾಮಾನು. ತಲೆಗೆ ಎಷ್ಟು ಗ್ರಾಂ, ಕೆಜಿಗೆ ಎಷ್ಟು ರೂಪಾಯಿ ಅನ್ನುವುದು ಇಲ್ಲಿ ಸುಮ್ನೆ ಉದಾಹರಣೆಗೆ. ನಿಮ್ಮ ಅಡುಗೆ ಭಟ್ಟರ ಲೆಕ್ಕ ಬೇರೆ ಇರಬಹುದು.

| | ಎ | ಬಿ | ಸಿ | ಡಿ | ಇ |
|---|---|---|---|---|---|
| 1 | ಊಟಕ್ಕೆ ಜನ | 800 | | | |
| 2 | | | | | |
| 3 | ಸಾಮಾನು | ತಲೆಗೆ ಗ್ರಾಂ | ಬೇಕಾದ ಕೆಜಿ | ಕೆಜಿ ದರ | ಮೊತ್ತ |
| 4 | ಅಕ್ಕಿ | 120 | 96 | 60 | 5,760 |
| 5 | ತೊಗರಿಬೇಳೆ | 40 | 32 | 150 | 4,800 |
| 6 | ಸಕ್ಕರೆ | 50 | 40 | 45 | 1,800 |
| 7 | ತುಪ್ಪ | 10 | 8 | 600 | 4,800 |
| 8 | ಒಟ್ಟು | | | | 17,160 |

ಇದರಲ್ಲಿ ಕೈಯಿಂದ ಟೈಪ್ ಮಾಡಬೇಕಾದ ಅಂಕಿಗಳು ಯಾವುವು? ಜನರ ಸಂಖ್ಯೆ, ತಲೆಗೆ ಗ್ರಾಂ, ದರ. ಇವಿಷ್ಟೇ. ಸಿ ಮತ್ತು ಇ ಕಾಲಂಗಳಲ್ಲಿ ಒಂದು ಅಂಕಿಯನ್ನೂ ನಾವು ಬರೆಯುವುದಿಲ್ಲ.

ಇ4ಕ್ಕೆ ಹೋಗಿ ಹೀಗೆ ಬರೆಯಿರಿ:

=ಸಿ4*ಡಿ4

ಮೊದಲಿಗೆ ಸಮ ಚಿಹ್ನೆ ಬರಲೇಬೇಕು. ಅದು ಇದ್ದರೆ ಸೂತ್ರ, ಇಲ್ಲದಿದ್ದರೆ ಬರೀ ಬರಹ. ಗುಣಾಕಾರಕ್ಕೆ ನಕ್ಷತ್ರ, ಭಾಗಾಕಾರಕ್ಕೆ ಓರೆಗೆರೆ. ಎಂಟರ್ ಒತ್ತಿದರೆ ಸೆಲ್‌ನಲ್ಲಿ ಉತ್ತರ ಕಾಣುತ್ತದೆ (ಸಿ4 ಇನ್ನೂ ಖಾಲಿ, ಹಾಗಾಗಿ ಸದ್ಯಕ್ಕೆ 0), ಮೇಲಿನ ಪಟ್ಟಿಯಲ್ಲಿ ಸೂತ್ರ ಕಾಣುತ್ತದೆ. ಎರಡು ಪದರ ಅಂದೆನಲ್ಲ, ಅದೇ.

ಈಗ ಈ ಸೂತ್ರವನ್ನು ಕೆಳಗಿನ ಸಾಮಾನುಗಳಿಗೂ ಹಾಕಬೇಕು. ಸೆಲ್‌ನ ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಗುರುತು ಇರುತ್ತದೆ. ಮೌಸ್ ಅಲ್ಲಿಗೆ ಒಯ್ದರೆ ಬಾಣದ ಗುರುತು ಕೂಡುವ ಚಿಹ್ನೆ ಆಗುತ್ತದೆ. ಹಿಡಿದು ಕೆಳಕ್ಕೆ ಎಳೆಯಿರಿ. ಇ5ರಲ್ಲಿ =ಸಿ5*ಡಿ5 ಆಗಿರುತ್ತದೆ, ಇ6ರಲ್ಲಿ =ಸಿ6*ಡಿ6. ನಾವು ಹೇಳದೆ ಇದು ಹೇಗೆ ಬದಲಾಯಿತು?

ಯಾರಾದರೂ ದಾರಿ ಕೇಳಿದಾಗ "ನನ್ನ ಮನೆಯಿಂದ ಎಡಕ್ಕೆ ಎರಡನೇ ಮನೆ" ಅನ್ನಬಹುದು, "ಡೋರ್ ನಂಬರ್ 12" ಅಂತಲೂ ಹೇಳಬಹುದು. ಸೂತ್ರ ನೆನಪಿಟ್ಟುಕೊಳ್ಳುವುದು ಮೊದಲನೇ ಥರ. =ಸಿ4*ಡಿ4 ಅಂತ ಕಂಡರೂ ಅದರ ಒಳಗಿನ ಅರ್ಥ "ನನ್ನ ಎಡಕ್ಕೆ ಎರಡನೇ ಸೆಲ್ ಗುಣಿಸು ಎಡಕ್ಕೆ ಮೊದಲನೇ ಸೆಲ್" ಅಂತ. ಕೆಳಗಿನ ಸಾಲಿಗೆ ಹೋದರೆ ಎಡಗಡೆಯ ಸೆಲ್‌ಗಳೂ ಕೆಳಗಿನವೇ ಆಗುತ್ತವೆ. ನೂರು ಸಾಲಿದ್ದರೂ ಒಂದೇ ಸಲ ಬರೆದರೆ ಸಾಕಾಗುವುದು ಇದರಿಂದಲೇ.

ಸಿ ಕಾಲಂಗೆ ಬರೋಣ. ತಲೆಗೆ ಗ್ರಾಂ ಗುಣಿಸು ಜನ, ಭಾಗಿಸು 1000. ಸಿ4ರಲ್ಲಿ =ಬಿ4*ಬಿ1/1000 ಅಂತ ಬರೆದರೆ 96 ಬರುತ್ತದೆ. ಸರಿಯಾಗೇ ಇದೆ. ಈಗ ಅದನ್ನು ಕೆಳಕ್ಕೆ ಎಳೆಯಿರಿ. ಏನಾಗುತ್ತದೆ ಅಂತ ನಿಧಾನಕ್ಕೆ ನೋಡಬೇಕು, ಇದು ಎಲ್ಲರೂ ಒಮ್ಮೆಯಾದರೂ ಎಡವುವ ಜಾಗ.

ಸಿ5ರಲ್ಲಿ ಸೂತ್ರ =ಬಿ5*ಬಿ2/1000 ಆಗುತ್ತದೆ. ಬಿ4 ಹೇಗೆ ಬಿ5 ಆಯಿತೋ ಹಾಗೆಯೇ ಬಿ1 ಕೂಡ ಬಿ2 ಆಯಿತು. ಬಿ2 ಖಾಲಿ, ಹಾಗಾಗಿ ಬೇಳೆ 0 ಕೆಜಿ. ಸಿ6ರಲ್ಲಿ ಬಿ1 ಬದಲು ಬಿ3 ಬರುತ್ತದೆ. ಅಲ್ಲಿರುವುದು "ತಲೆಗೆ ಗ್ರಾಂ" ಅನ್ನುವ ಬರಹ. ಬರಹವನ್ನು ಗುಣಿಸಲಾಗದೆ #ವ್ಯಾಲ್ಯೂ! ಅನ್ನುವ ತಪ್ಪು ತೋರಿಸುತ್ತದೆ. ಸಿ7ರಲ್ಲಿ ಬಿ1 ಜಾಗಕ್ಕೆ ಬಿ4, ಅಂದರೆ ಅಕ್ಕಿಯ 120. ಹತ್ತು ಗುಣಿಸು 120, ಭಾಗಿಸು 1000. ತುಪ್ಪ 1.2 ಕೆಜಿ!

ಮೂರೂ ತಪ್ಪೇ. ಆದರೆ ಸೊನ್ನೆಯೂ ಕಣ್ಣಿಗೆ ಬೀಳುತ್ತದೆ, #ವ್ಯಾಲ್ಯೂ! ಅಂತೂ ಕೂಗಿ ಹೇಳುತ್ತದೆ. ಭಯಪಡಬೇಕಾದದ್ದು 1.2 ಕಂಡರೆ. ನೋಡಲು ಒಳ್ಳೆ ಅಂಕಿಯ ಹಾಗೆಯೇ ಇದೆ, ಯಾರೂ ಅನುಮಾನ ಪಡುವುದಿಲ್ಲ. 800 ಜನಕ್ಕೆ ಒಂದೂಕಾಲು ಕೆಜಿಯೂ ಇಲ್ಲದಷ್ಟು ತುಪ್ಪ ತರಿಸಿದರೆ ಪಂಕ್ತಿಯಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರ ಡಾಲರ್ ಚಿಹ್ನೆ:

=ಬಿ4*$ಬಿ$1/1000

ದುಡ್ಡಿಗೂ ಈ ಡಾಲರ್‌ಗೂ ಸಂಬಂಧ ಇಲ್ಲ. "ಎಲ್ಲಿಗೆ ಎಳೆದರೂ ಬಿ1 ಅನ್ನೇ ನೋಡು, ಕದಲಬೇಡ" ಅಂತ ಹೇಳುವ ಗುರುತು ಅದು. ಬಿ ಮುಂದಿನ ಡಾಲರ್ ಕಾಲಂ ಅನ್ನು ಕಟ್ಟಿಹಾಕುತ್ತದೆ, 1ರ ಮುಂದಿನದು ಸಾಲನ್ನು. ಎಕ್ಸೆಲ್‌ನಲ್ಲಿ ಸೂತ್ರ ಬರೆಯುವಾಗ ಬಿ1 ಪಕ್ಕ ಕರ್ಸರ್ ಇಟ್ಟು ಎಫ್4 ಒತ್ತಿದರೆ ಡಾಲರ್ ತಾನಾಗಿ ಬರುತ್ತದೆ. ಈಗ ಕೆಳಕ್ಕೆ ಎಳೆದರೆ ತುಪ್ಪ 8 ಕೆಜಿ.

ಒಟ್ಟು ಮೊತ್ತಕ್ಕೆ ಇ8ರಲ್ಲಿ:

=ಸಮ್(ಇ4:ಇ7)

ಸಮ್ ಅಂದರೆ ಕೂಡಿಸು, ನಡುವಿನ ಎರಡು ಚುಕ್ಕಿಗೆ "ಇಂದ, ವರೆಗೆ" ಅಂತ ಅರ್ಥ. ಇಷ್ಟಾದ ಮೇಲೆ ಹುಡುಗನ ಕಡೆಯವರು ಫೋನ್ ಮಾಡಿ ಇನ್ನೂ 200 ಜನ ಬರುತ್ತಾರೆ ಅಂದರು ಅನ್ನಿ. ಬಿ1ರಲ್ಲಿ 800 ಅಳಿಸಿ 1000 ಬರೆಯಿರಿ. ಅಕ್ಕಿ 120 ಕೆಜಿ, ಬೇಳೆ 40, ಸಕ್ಕರೆ 50, ತುಪ್ಪ 10, ಒಟ್ಟು 21,450 ರೂಪಾಯಿ. ಎಂಟರ್ ಒತ್ತುವಷ್ಟರಲ್ಲಿ ಎಲ್ಲ ಬದಲಾಗಿರುತ್ತದೆ. ಬ್ರಿಕ್ಲಿನ್‌ಗೆ ಬೇಕಾಗಿದ್ದದ್ದು ಇಷ್ಟೇ.

ಹೀಗಾಗಬೇಕಾದರೆ ಬದಲಾಗಬಹುದಾದ ಅಂಕಿಯನ್ನು ಸೂತ್ರದ ಒಳಗೆ ಹುದುಗಿಸಬಾರದು. =ಬಿ4*800/1000 ಅಂತ ಬರೆದರೂ ಇವತ್ತಿನ ಉತ್ತರ ಸರಿಯೇ. ಆದರೆ ನಾಳೆ ಜನ ಜಾಸ್ತಿಯಾದರೆ ಯಾವ ಯಾವ ಸೂತ್ರದೊಳಗೆ 800 ಕೂತಿದೆ ಅಂತ ಹುಡುಕುತ್ತಾ ಹೋಗಬೇಕು. ಅದಕ್ಕೆ ಹೊರಗೆ ಒಂದು ಸೆಲ್ ಕೊಡಿ, ಪಕ್ಕದಲ್ಲಿ ಅದು ಏನು ಅಂತ ಬರೆಯಿರಿ.

ಎಲ್ಲಿಂದ ಎಲ್ಲಿವರೆಗೆ

ಪಟ್ಟಿಗೆ ಐದನೇ ಸಾಮಾನು ಸೇರಿಸಬೇಕು. ಸಕ್ಕರೆ ಮತ್ತು ತುಪ್ಪದ ನಡುವೆ ಒಂದು ಸಾಲು ತೂರಿಸಿದರೆ ಸಮ್ ಸೂತ್ರ ತಾನಾಗಿ ಹಿಗ್ಗುತ್ತದೆ. ಆದರೆ ತುಪ್ಪದ ಕೆಳಗೆ, ಒಟ್ಟು ಸಾಲಿನ ಮೇಲೆ ತೂರಿಸಿದರೆ ಕೆಲವೊಮ್ಮೆ ಸೂತ್ರ ಹಳೇ ಜಾಗದಲ್ಲೇ ನಿಂತಿರುತ್ತದೆ. ಕಣ್ಣಿಗೆ ಐದು ಸಾಮಾನು, ಲೆಕ್ಕಕ್ಕೆ ನಾಲ್ಕೇ.

ಈ ಥರದ ತಪ್ಪು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಒಂದು ಪ್ರಸಿದ್ಧ ಪ್ರಕರಣ ಇದೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ, ಸರ್ಕಾರಗಳ ಸಾಲ ವಿಪರೀತ ಏರಿದಾಗ ಆರ್ಥಿಕ ಬೆಳವಣಿಗೆ ಕುಸಿಯುತ್ತದೆ ಅಂತ ಒಂದು ಪ್ರಬಂಧ ಬರೆದರು. ಹಲವು ದೇಶಗಳಲ್ಲಿ ಖರ್ಚು ಕಡಿತದ ಪರ ವಾದ ಮಾಡುವವರು ಅದನ್ನು ಎತ್ತಿ ಹಿಡಿದರು. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್, ಆ ಇಬ್ಬರು ಲೇಖಕರ ಎಕ್ಸೆಲ್ ಫೈಲ್ ತರಿಸಿಕೊಂಡು ಸೂತ್ರಗಳನ್ನು ನೋಡಿದರು. ಸರಾಸರಿ ತೆಗೆಯುವ ಸೂತ್ರ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್, ಈ ಐದು ದೇಶ ಲೆಕ್ಕದಿಂದ ಹೊರಗೆ ಉಳಿದಿದ್ದವು. ಆ ಪ್ರಬಂಧದ ಮೇಲೆ ಬೇರೆ ತಕರಾರುಗಳೂ ಇದ್ದವು, ಸೂತ್ರದ ತಪ್ಪೊಂದೇ ಅಲ್ಲ. ಆದರೂ ಅದನ್ನು ಲೇಖಕರೇ ಒಪ್ಪಿಕೊಂಡರು.

ಅದನ್ನು ಪತ್ತೆ ಹಚ್ಚಲು ದೊಡ್ಡ ವಿದ್ಯೆ ಬೇಕಾಗಿರಲಿಲ್ಲ. ಸೂತ್ರ ಇರುವ ಸೆಲ್ ಮೇಲೆ ಎಫ್2 ಒತ್ತಿದರೆ ಅದು ಯಾವ ಸೆಲ್‌ಗಳನ್ನು ನೋಡುತ್ತಿದೆಯೋ ಅವುಗಳ ಸುತ್ತ ಬಣ್ಣದ ಗೆರೆ ಬರುತ್ತದೆ. ಗೆರೆಯ ಆಚೆ ಯಾರಾದರೂ ಉಳಿದಿದ್ದಾರಾ ನೋಡಿದರೆ ಆಯಿತು.

ಅಂಕಿಯ ವೇಷದಲ್ಲಿರುವ ಬರಹ

ಸೆಲ್‌ನಲ್ಲಿ ಏನು ಬರೆದರೂ ಸಾಫ್ಟ್‌ವೇರ್ ಮೊದಲು ಮಾಡುವ ಕೆಲಸ, ಇದು ಅಂಕಿಯೋ ಬರಹವೋ ಅಂತ ತೀರ್ಮಾನಿಸುವುದು. ಅಂಕಿ ಅಂದುಕೊಂಡರೆ ಬಲಕ್ಕೆ ಒತ್ತಿ ನಿಲ್ಲಿಸುತ್ತದೆ, ಬರಹ ಅಂದುಕೊಂಡರೆ ಎಡಕ್ಕೆ. ನೀವಾಗಿಯೇ ನಡುವಿಗೆ ತಂದಿಲ್ಲದಿದ್ದರೆ ಇದು ಒಳ್ಳೇ ಸುಳಿವು.

ದರದ ಕಾಲಂನಲ್ಲಿ 60 ಬದಲು "60 ರೂ" ಅಂತ ಬರೆದು ನೋಡಿ. ಎಡಕ್ಕೆ ಹೋಗಿ ನಿಲ್ಲುತ್ತದೆ. ನಮಗೆ ಅದು ಅರವತ್ತು ರೂಪಾಯಿ, ಅದಕ್ಕೆ ಬರೀ ಅಕ್ಷರ. ಗುಣಿಸಿದರೆ #ವ್ಯಾಲ್ಯೂ! ಬರುತ್ತದೆ. ಸಮ್ ಮಾಡಿದರೆ ಇನ್ನೂ ಮೋಸ, ಏನೂ ಹೇಳದೆ ಆ ಸೆಲ್ ಬಿಟ್ಟು ಉಳಿದದ್ದನ್ನು ಕೂಡಿಸುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ಕೂಡಿಸಿದರೆ ಸೊನ್ನೆ ಬರುತ್ತದಲ್ಲ, ಅದಕ್ಕೂ ಬಹಳ ಸಲ ಇದೇ ಕಾರಣ. ಅಂಕಿಗಳೆಲ್ಲ ಬರಹವಾಗಿ ಬಂದಿರುತ್ತವೆ. ಎಕ್ಸೆಲ್‌ನಲ್ಲಿ ಅಂಥ ಸೆಲ್‌ನ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಕಾಣುತ್ತದೆ. ಅದನ್ನು ಕ್ಲಿಕ್ ಮಾಡಿದರೆ ಅಂಕಿಯಾಗಿ ಬದಲಿಸುವ ಆಯ್ಕೆ ಸಿಗುತ್ತದೆ. ಅಳತೆಯ ಹೆಸರು ತಲೆಬರಹದಲ್ಲಿ ಇರಲಿ, ಸೆಲ್‌ನಲ್ಲಿ ಅಂಕಿ ಮಾತ್ರ. ರೂಪಾಯಿ ಚಿಹ್ನೆ ಬೇಕೇ ಬೇಕು ಅಂದರೆ ಫಾರ್ಮ್ಯಾಟ್‌ನಲ್ಲಿ, ಅಂದರೆ ಸೆಲ್ ಹೇಗೆ ಕಾಣಬೇಕು ಅನ್ನುವ ಸೆಟ್ಟಿಂಗ್‌ನಲ್ಲಿ, ಕೊಡಿ. ಆಗ ಅದು ಹೊರಗಿನ ಪದರದಲ್ಲಿ ಮಾತ್ರ ಇರುತ್ತದೆ, ಲೆಕ್ಕಕ್ಕೆ ಅಡ್ಡ ಬರುವುದಿಲ್ಲ. 1,00,000 ಅಂತ ಲಕ್ಷದ ಕಾಮಾ ಬೇಕಾದರೂ ಹಾಗೆಯೇ. ಕಾಮಾ ಟೈಪ್ ಮಾಡಬೇಡಿ. ಕಂಪ್ಯೂಟರ್‌ನ ಪ್ರದೇಶದ ಸೆಟ್ಟಿಂಗ್ ಭಾರತ ಅಂತಿದ್ದರೆ ಫಾರ್ಮ್ಯಾಟ್ ಕೊಟ್ಟಾಗ ತಾನೇ ಹಾಕಿಕೊಳ್ಳುತ್ತದೆ.

ಇದಕ್ಕೆ ಉಲ್ಟಾ ಕಷ್ಟವೂ ಉಂಟು. ನಾವು ಬರಹ ಅಂತ ಬರೆದದ್ದನ್ನು ಅದು ಅಂಕಿ ಮಾಡಿಕೊಳ್ಳುತ್ತದೆ. ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆ ನಂಬರ್ ಬರೆದರೆ ಮುಂದಿನ ಸೊನ್ನೆಗಳು ಮಾಯ. ಆಧಾರ್ ನಂಬರ್ 12 ಅಂಕಿಯದು. ಎಕ್ಸೆಲ್‌ನಲ್ಲಿ ಬರೆದರೆ 1.23457ಇ+11 ಥರ ಏನೋ ಕಾಣುತ್ತದೆ. ಹೆದರಬೇಡಿ, ಒಳಗೆ ಪೂರ್ತಿ ನಂಬರ್ ಇದೆ, ಮೇಲಿನ ಪಟ್ಟಿಯಲ್ಲಿ ನೋಡಬಹುದು. ಆದರೆ 16 ಅಂಕಿಯ ಕಾರ್ಡ್ ನಂಬರ್ ಬರೆದರೆ ಕೊನೆಯ ಅಂಕಿ ನಿಜವಾಗಿಯೂ ಹೋಗಿ ಸೊನ್ನೆ ಕೂರುತ್ತದೆ. ಎಕ್ಸೆಲ್ 15 ಅಂಕಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವುದಿಲ್ಲ. ಕೂಡಿ ಕಳೆಯುವ ಕೆಲಸವಿಲ್ಲದ ನಂಬರ್‌ಗಳನ್ನು, ಅಂದರೆ ಫೋನ್, ಖಾತೆ, ಪಿನ್‌ಕೋಡ್, ಇವನ್ನೆಲ್ಲ ಬರಹವಾಗಿಯೇ ಇಡಬೇಕು. ಟೈಪ್ ಮಾಡುವ ಮೊದಲೇ ಆ ಕಾಲಂನ ಫಾರ್ಮ್ಯಾಟ್ ಟೆಕ್ಸ್ಟ್ ಅಂತ ಮಾಡಿ. ಒಂದೆರಡೇ ಇದ್ದರೆ ನಂಬರ್ ಮುಂದೆ ಒಂದು ಉದ್ಧರಣ ಚಿಹ್ನೆ, ಒಂಟಿ ಗೆರೆಯದು, ಹಾಕಿದರೂ ಸಾಕು.

ತಾರೀಖಿನ ಕಥೆ ಇದಕ್ಕಿಂತ ಮಜವಾಗಿದೆ. ಸ್ಪ್ರೆಡ್‌ಶೀಟ್‌ಗೆ ತಾರೀಖು ಅನ್ನುವುದೇ ಗೊತ್ತಿಲ್ಲ, ಅದರ ಒಳಗೆ ಇರುವುದು ದಿನಗಳ ಎಣಿಕೆ. ಎಕ್ಸೆಲ್ 1900ರ ಜನವರಿ 1ನ್ನು 1 ಅಂತ ಹಿಡಿದು ಎಣಿಸುತ್ತದೆ. 2024ರ ನವೆಂಬರ್ 1ರ ರಾಜ್ಯೋತ್ಸವ ಅದರ ಲೆಕ್ಕದಲ್ಲಿ 45597. ನಂಬಿಕೆ ಬರದಿದ್ದರೆ ತಾರೀಖು ಬರೆದು ಫಾರ್ಮ್ಯಾಟ್ ಅನ್ನು ನಂಬರ್ ಅಂತ ಬದಲಿಸಿ ನೋಡಿ. ಒಳಗೆ ಬರೀ ಎಣಿಕೆ ಇರುವುದರಿಂದಲೇ ಒಂದು ತಾರೀಖಿನಿಂದ ಇನ್ನೊಂದನ್ನು ಕಳೆದರೆ ನಡುವೆ ಎಷ್ಟು ದಿನ ಅಂತ ಸಿಗುತ್ತದೆ. ಬಡ್ಡಿ ಲೆಕ್ಕ ಹಾಕುವವರಿಗೆ ಇದು ತುಂಬಾ ಅನುಕೂಲ. ಅಂದಹಾಗೆ, ಈ ಎಣಿಕೆಯಲ್ಲಿ ಇಲ್ಲದ ಒಂದು ದಿನ ಸೇರಿಕೊಂಡಿದೆ. 1900 ಅಧಿಕ ವರ್ಷ ಅಲ್ಲ, ಆದರೆ ಲೋಟಸ್ 1-2-3 ಅದನ್ನು ಅಧಿಕ ವರ್ಷ ಅಂತ ಹಿಡಿದಿತ್ತು. ಲೋಟಸ್‌ನ ಫೈಲ್‌ಗಳು ಹೊಂದಲಿ ಅಂತ ಎಕ್ಸೆಲ್ ಕೂಡ ಆ ತಪ್ಪನ್ನು ಹಾಗೇ ಇಟ್ಟುಕೊಂಡಿತು. ಇವತ್ತಿಗೂ ಎಕ್ಸೆಲ್‌ನಲ್ಲಿ 1900ರ ಫೆಬ್ರವರಿ 29 ಇದೆ!

ಪೇಚಿಗೆ ಸಿಕ್ಕಿಸುವುದು ಎಲ್ಲಿ ಅಂದರೆ, ತಾರೀಖು ಅಲ್ಲದ್ದನ್ನೂ ಅದು ತಾರೀಖು ಮಾಡುತ್ತದೆ. ಜಮೀನಿನ ಸರ್ವೆ ನಂಬರ್ 12/3 ಅಂತ ಬರೆಯಿರಿ. ಆ ವರ್ಷದ ಮಾರ್ಚ್ 12 ಆಗಿ ಕೂರುತ್ತದೆ. ಆಮೇಲೆ ಫಾರ್ಮ್ಯಾಟ್ ಟೆಕ್ಸ್ಟ್ ಮಾಡಿದರೆ 12/3 ವಾಪಸ್ ಬರುವುದಿಲ್ಲ, ಐದಂಕಿಯ ದಿನದೆಣಿಕೆ ಬರುತ್ತದೆ. ಒಳಗಿನ ಪದರವೇ ಬದಲಾಗಿ ಹೋಗಿರುತ್ತದೆ. ಇದು ನಮ್ಮ ಪಹಣಿ ಪಟ್ಟಿಗಳಿಗೆ ಮಾತ್ರ ಬಂದ ಕಷ್ಟವಲ್ಲ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ "ಮಾರ್ಚ್1", "ಸೆಪ್ಟ್1" ಥರದ ಜೀನ್ ಹೆಸರುಗಳನ್ನೇ ಬದಲಿಸಿತು. ಸಂಶೋಧಕರು ಎಕ್ಸೆಲ್‌ನಲ್ಲಿ ಬರೆದಾಗಲೆಲ್ಲ ಅವು ತಾರೀಖಾಗುತ್ತಿದ್ದವು.

ಇನ್ನೊಂದು: ಕಂಪ್ಯೂಟರ್‌ನ ಪ್ರದೇಶ ಅಮೆರಿಕ ಅಂತಿದ್ದರೆ 05/06/2025 ಅನ್ನುವುದು ಜೂನ್ 5 ಆಗದೆ ಮೇ 6 ಆಗುತ್ತದೆ. 25/06/2025 ಬರೆದರೆ 25ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದು ಬರಹವಾಗಿ ಎಡಕ್ಕೆ ಹೋಗುತ್ತದೆ. ಒಂದೇ ಕಾಲಂನಲ್ಲಿ ಅರ್ಧ ಉಲ್ಟಾ, ಅರ್ಧ ಬರಹ. ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ದೇಶ ಭಾರತ ಅಂತ ಇದೆಯಾ ನೋಡಿ. ಈ ಕೆಲಸ ಮೊದಲ ತಾರೀಖು ಬರೆಯುವ ಮುಂಚೆಯೇ ಆಗಬೇಕು.

ಮುಯ್ಯಿ ಪುಸ್ತಕ

ಮದುವೆ ಮುಗಿಯಿತು, ಇನ್ನು ಮುಯ್ಯಿ ಪಟ್ಟಿ. ಯಾರು ಎಷ್ಟು ಬರೆಸಿದರು ಅನ್ನುವುದು ಮುಂದೆ ಅವರ ಮನೆಯ ಕಾರ್ಯಕ್ಕೆ ಹೋಗುವಾಗ ಬೇಕೇ ಬೇಕು. ಇಲ್ಲಿ ಲೆಕ್ಕಕ್ಕಿಂತ ಹುಡುಕುವ ಕೆಲಸ ಜಾಸ್ತಿ. ಹಾಗಾಗಿ ಪಟ್ಟಿ ಹೇಗೆ ಬರೆದಿದ್ದೀರಿ ಅನ್ನುವುದೇ ಮುಖ್ಯ.

ಒಂದು ಸೆಲ್‌ನಲ್ಲಿ "ರಮೇಶ, ತಿಪಟೂರು, 500" ಅಂತ ಬರೆದರೆ ಕಾಗದದಲ್ಲಿ ಬರೆದ ಹಾಗೆಯೇ ಆಯಿತು. ಹೆಸರಿಗೆ ಒಂದು ಕಾಲಂ, ಊರಿಗೆ ಒಂದು, ಮೊತ್ತಕ್ಕೆ ಒಂದು. ಒಬ್ಬರಿಗೆ ಒಂದೇ ಸಾಲು. ನಡುವೆ ಖಾಲಿ ಸಾಲು ಬೇಡ, "ಹೆಣ್ಣಿನ ಕಡೆಯವರು" ಅಂತ ಸೆಲ್ ಮರ್ಜ್ ಮಾಡಿ ನಡುವೆ ಹೆಡ್ಡಿಂಗ್ ಕೂಡ ಬೇಡ. ಅದು ಬೇಕಿದ್ದರೆ "ಕಡೆ" ಅಂತಲೇ ಒಂದು ಕಾಲಂ ಮಾಡಿ. ಮುಯ್ಯಿ ತೀರಿಸಿದವರ ಹೆಸರಿಗೆ ಹಳದಿ ಬಣ್ಣ ಹಚ್ಚುವ ಅಭ್ಯಾಸವೂ ಇದೇ ಜಾತಿಯದು. ಬಣ್ಣ ಹೊರಗಿನ ಪದರ, ಸೂತ್ರಕ್ಕೆ ಅದು ಕಾಣುವುದಿಲ್ಲ. "ತೀರಿಸಿದೆ" ಅಂತ ಕಾಲಂ ಮಾಡಿ ಹೌದು, ಇಲ್ಲ ಅಂತ ಬರೆದರೆ ಎಣಿಸಲೂಬಹುದು, ಸೋಸಲೂಬಹುದು.

ತಿಪಟೂರಿನವರು ಒಟ್ಟು ಎಷ್ಟು ಮುಯ್ಯಿ ಮಾಡಿದರು? ಊರು ಬಿ ಕಾಲಂನಲ್ಲಿ, ಮೊತ್ತ ಸಿ ಕಾಲಂನಲ್ಲಿ ಇದ್ದರೆ:

=ಸಮ್‌ಇಫ್(ಬಿ2:ಬಿ300,"ತಿಪಟೂರು",ಸಿ2:ಸಿ300)

ಬಿ ಕಾಲಂನಲ್ಲಿ ಎಲ್ಲಿ ತಿಪಟೂರು ಇದೆಯೋ ಆ ಸಾಲಿನ ಸಿ ಮೊತ್ತಗಳನ್ನು ಕೂಡಿಸು ಅಂತ ಇದರ ಅರ್ಥ. ಉತ್ತರ ಕಮ್ಮಿ ಬಂತಾ? ಒಬ್ಬರು "ತಿಪ್ಟೂರು" ಅಂತ ಬರೆದಿರುತ್ತಾರೆ. ಇನ್ನೊಂದು ಕಡೆ "ತಿಪಟೂರು" ಆದಮೇಲೆ ಸ್ಪೇಸ್ ಬಾರ್ ತಾಗಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಸೂತ್ರಕ್ಕೆ ಬೇರೆ ಬೇರೆ ಊರು. ಸಮ್ ಥರದ್ದೇ ಟ್ರಿಮ್ ಅನ್ನುವ ಇನ್ನೊಂದು ಫಂಕ್ಷನ್ ಹಿಂದುಮುಂದಿನ ಸ್ಪೇಸ್ ಕತ್ತರಿಸುತ್ತದೆ, ಕಾಗುಣಿತ ಮಾತ್ರ ನಾವೇ ತಿದ್ದಬೇಕು.

ಅಕ್ಷರಕ್ರಮಕ್ಕೆ ಜೋಡಿಸುವಾಗ ಒಂದು ಎಚ್ಚರ. ಹೆಸರಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಮಾಡಿದರೆ ಹೆಸರುಗಳು ಮಾತ್ರ ಮೇಲೆ ಕೆಳಗೆ ಆಗಿ ಮೊತ್ತಗಳು ಇದ್ದಲ್ಲೇ ಇರುತ್ತವೆ. ಐದು ಸಾವಿರ ಕೊಟ್ಟ ಸೋದರಮಾವನ ಮುಂದೆ 101 ರೂಪಾಯಿ ಬಂದು ಕೂರುತ್ತದೆ. ಎಕ್ಸೆಲ್ "ಪಕ್ಕದ ಕಾಲಂಗಳನ್ನೂ ಸೇರಿಸಲಾ?" ಅಂತ ಕೇಳುತ್ತದೆ, ಓದದೆ ಬೇಡ ಅನ್ನಬೇಡಿ. ತಪ್ಪಾದರೆ ತಕ್ಷಣ ಕಂಟ್ರೋಲ್ ಝಡ್. ಫೈಲ್ ಮುಚ್ಚಿ ಮಾರನೇ ದಿನ ತೆರೆದರೆ ಎಕ್ಸೆಲ್‌ನಲ್ಲಿ ಅದು ಸಿಗುವುದಿಲ್ಲ.

ಫಿಲ್ಟರ್ ಹಾಕಿದಾಗ ಬೇಡದ ಸಾಲುಗಳು ಅಡಗುತ್ತವೆ, ಅಳಿಯುವುದಿಲ್ಲ. ತಿಪಟೂರಿನವರನ್ನು ಮಾತ್ರ ಸೋಸಿ ನೋಡುವಾಗಲೂ ಕೆಳಗಿನ ಸಮ್ ಎಲ್ಲರದ್ದನ್ನೂ ಕೂಡಿಸಿಯೇ ಇರುತ್ತದೆ. ಕಾಣುವವರದ್ದು ಮಾತ್ರ ಬೇಕಿದ್ದರೆ =ಸಬ್‌ಟೋಟಲ್(9,ಸಿ2:ಸಿ300). ಇಲ್ಲಿ 9 ಅನ್ನುವುದು "ಕೂಡಿಸು" ಅನ್ನುವುದರ ಗುಟ್ಟಿನ ನಂಬರ್.

ಕನ್ನಡದಲ್ಲಿ ಪಟ್ಟಿ ಬರೆಯುವವರು ಫಾಂಟ್ ಬಗ್ಗೆಯೂ ಯೋಚಿಸಬೇಕು. "ನುಡಿ", "ಬರಹ" ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಥರ ಗುರುತಿಸುವ ಅಕ್ಷರ ಸಂಕೇತ ಅಲ್ಲ. ಅವುಗಳಲ್ಲಿ ಟೈಪ್ ಮಾಡಿದಾಗ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿ ತೋರಿಸುತ್ತದೆ. ಸೆಲ್‌ನಲ್ಲಿ ಅಚ್ಚುಕಟ್ಟಾದ ಕನ್ನಡ ಕಂಡರೂ ಅಕ್ಷರಕ್ರಮ ಅ, ಆ, ಇ ಅಂತ ಬರುವುದಿಲ್ಲ. ಯೂನಿಕೋಡ್‌ನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ಆ ಫಾಂಟ್ ಇಲ್ಲದ ಮೊಬೈಲ್‌ಗೆ ಕಳಿಸಿದರೆ ಪಟ್ಟಿಯೆಲ್ಲ ಗೀಚಿದ ಹಾಗೆ ಕಾಣುತ್ತದೆ. ಹಳೇ ಪಟ್ಟಿಗಳಿದ್ದರೆ ಯೂನಿಕೋಡ್‌ಗೆ ಪರಿವರ್ತಿಸುವ ಸಲಕರಣೆಗಳಿವೆ, ಒಮ್ಮೆ ಮಾಡಿ ಮುಗಿಸಿಬಿಡಿ. ಹೊಸದಾಗಿ ಬರೆಯುವವರು ನುಡಿಯಲ್ಲೇ ಯೂನಿಕೋಡ್ ಆಯ್ಕೆ ಆರಿಸಿಕೊಳ್ಳಬಹುದು.

ಬೇರೆಯವರ ಶೀಟ್ ಕೈಗೆ ಬಂದಾಗ

ಸಂಘದ ಲೆಕ್ಕವೋ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಲೆಕ್ಕವೋ ಯಾರೋ ಕಳಿಸಿರುತ್ತಾರೆ. ತೆರೆದ ಕೂಡಲೇ ಕಂಟ್ರೋಲ್ ಕೀ ಹಿಡಿದು, ಟ್ಯಾಬ್ ಕೀಯ ಮೇಲಿರುವ ಕೀ ಒತ್ತಿ. ಇಡೀ ಶೀಟ್ ತನ್ನ ಒಳಪದರ ತೋರಿಸುತ್ತದೆ. ಉತ್ತರಗಳ ಜಾಗದಲ್ಲಿ ಸೂತ್ರಗಳು, ತಾರೀಖುಗಳ ಜಾಗದಲ್ಲಿ ದಿನದೆಣಿಕೆ. ಮತ್ತೆ ಅದನ್ನೇ ಒತ್ತಿದರೆ ಮೊದಲಿನ ಹಾಗೆ ಆಗುತ್ತದೆ. ಟೋಟಲ್ ಇರಬೇಕಾದ ಕಡೆ ಸೂತ್ರ ಇಲ್ಲದೆ ಬರೀ ಅಂಕಿ ಇದ್ದರೆ, ಅದನ್ನು ಯಾರೋ ಕೈಯಿಂದ ಬರೆದಿದ್ದಾರೆ. ಮೇಲಿನ ಅಂಕಿಗಳು ಆಮೇಲೆ ಬದಲಾಗಿದ್ದರೂ ಅದು ಬದಲಾಗಿರುವುದಿಲ್ಲ.

ಫೈಲ್ ಹೆಸರಿನ ಕೊನೆಯ ಅಕ್ಷರಗಳನ್ನೂ ನೋಡಿ. ಎಕ್ಸ್‌ಎಲ್‌ಎಸ್ ಅಂತಿದ್ದರೆ ಹಳೇ ಕಾಲದ್ದು, 65,536 ಸಾಲು ಮಾತ್ರ ಹಿಡಿಯುತ್ತದೆ. ಕೊನೆಗೆ ಇನ್ನೊಂದು ಎಕ್ಸ್ ಇದ್ದರೆ 2007ರ ನಂತರದ್ದು, 10,48,576 ಸಾಲು. 2020ರ ಶರತ್ಕಾಲದಲ್ಲಿ ಇಂಗ್ಲೆಂಡ್‌ನ ಸಾರ್ವಜನಿಕ ಆರೋಗ್ಯ ಇಲಾಖೆ ಲ್ಯಾಬ್‌ಗಳಿಂದ ಬಂದ ಕೋವಿಡ್ ವರದಿಗಳನ್ನು ಹಳೇ ಮಾದರಿಯ ಫೈಲ್‌ಗೆ ತುಂಬುತ್ತಿತ್ತು. ಫೈಲ್ ತುಂಬಿದ ಮೇಲೆ ಬಂದ ಸಾಲುಗಳು ಹೊರಗೆ ಉಳಿದವು. 15,841 ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರಲಿಲ್ಲ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು.

ನಮ್ಮ ಮುಯ್ಯಿ ಪಟ್ಟಿಗೆ ಆ ಭಯ ಇಲ್ಲ. ನಮ್ಮ ಕಡೆಯ ತೊಂದರೆ ಏನಿದ್ದರೂ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ ಶುರುವಾಗುವುದು. ಗೂಗಲ್ ಶೀಟ್ಸ್‌ನಲ್ಲಿ ಶೇರ್ ಮಾಡುವಾಗ ನೋಡಲು ಮಾತ್ರ ಅನುಮತಿ ಕೊಡಿ, ತಿದ್ದುವ ಅನುಮತಿ ಒಬ್ಬರಿಗೋ ಇಬ್ಬರಿಗೋ ಸಾಕು. ಆದರೂ ಯಾರೋ ಮೊಬೈಲ್‌ನಲ್ಲಿ ಬೆರಳು ತಾಗಿಸಿ ಚಿಕ್ಕಪ್ಪನ ಹೆಸರನ್ನೇ ಅಳಿಸಿದರೆ, ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ತೆರೆಯಿರಿ. ಯಾರು ಯಾವಾಗ ಏನು ಬದಲಿಸಿದರು ಅಂತ ಅಲ್ಲಿ ಇರುತ್ತದೆ, ಹಿಂದಿನ ದಿನದ ಪಟ್ಟಿಯನ್ನು ಹಾಗೇ ವಾಪಸ್ ತರಬಹುದು.